ಕಿಟಕಿ ಪಕ್ಕದ ಸೀಟು

“ಏನ್ರೀ! ಸಾಯೋಕೆ ನನ್ನ ಕಾರೇ ಬೇಕಿತ್ತಾ ನಿಮಗೆ?”

ಬಾಗಿಲನ್ನು ದಢಾರನೆ ತೆರೆದು ಅವಳು ಕೆಳಗಿಳಿದಳು. ಬ್ರೇಕಿನ ಕೀರಲು ಸದ್ದು ಇನ್ನೂ ಕಿವಿಯಲ್ಲೇ ಇತ್ತು. ಕಾರಿನ ಮೂತಿಗೂ ಅವನ ಮೊಣಕಾಲಿಗೂ ನಡುವೆ ಅಂಗೈ ಅಗಲದಷ್ಟು ಜಾಗ ಮಾತ್ರ ಉಳಿದಿತ್ತು.

ಬೆಟ್ಟದ ರಸ್ತೆಯ ತಿರುವು ಅದು. ಒಂದು ಕಡೆ ಗೋಡೆಯಂತೆ ನಿಂತ ಗುಡ್ಡ, ಇನ್ನೊಂದು ಕಡೆ ಇಣುಕಿದರೆ ತಲೆ ಸುತ್ತುವ ಕಣಿವೆ. ಅಂಥ ಜಾಗದಲ್ಲಿ, ರಸ್ತೆಯ ನಟ್ಟನಡುವೆ, ಎರಡೂ ಕೈ ಮೇಲೆತ್ತಿ ನಿಂತಿದ್ದ ಆ ಮನುಷ್ಯ! ಮೈಯೆಲ್ಲ ಮಣ್ಣು, ಕೂದಲಲ್ಲಿ ಒಣಗಿದ ಎಲೆ.

“ಬೈಯಿರಿ... ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ,” ಅವನು ಏದುಸಿರು ಬಿಡುತ್ತಾ ಅಂದ. “ಮೊದಲು ಕಾರು ಹಿಂದಕ್ಕೆ ತಗೊಳ್ಳಿ. ದಯವಿಟ್ಟು!”

“ಯಾಕೆ ತಗೋಬೇಕು? ಯಾರ್ರೀ ನೀವು ನನಗೆ ಹೇಳೋಕೆ?”

ಅವನು ಉತ್ತರ ಕೊಡಬೇಕಾದ ಅಗತ್ಯವೇ ಬರಲಿಲ್ಲ.

ಮೊದಲು ಸಣ್ಣಗೆ, ಯಾರೋ ಕಾಳು ಸುರಿದ ಹಾಗೆ ಸದ್ದು. ಮರುಕ್ಷಣ ನೆಲವೇ ಗುಡುಗಿತು. ತಿರುವಿನಾಚೆಯ ಗುಡ್ಡ ಮರ, ಬಂಡೆ, ಮಣ್ಣು ಎಲ್ಲವನ್ನೂ ಹೊತ್ತುಕೊಂಡು ರಸ್ತೆಯ ಮೇಲೆ ಕುಸಿದು, ಹಾಗೇ ಕಣಿವೆಗೆ ಜಾರಿಹೋಯಿತು. ಧೂಳು ಅವರ ಮೇಲೆ ಕಂಬಳಿಯಂತೆ ಕವಿಯಿತು.

ಧೂಳು ಇಳಿದಾಗ ಮುಂದೆ ರಸ್ತೆಯೇ ಇರಲಿಲ್ಲ.

ಕಾರಿನೊಳಗಿದ್ದ ಗೆಳತಿ ಪಿಟೀಲಿನ ಪೆಟ್ಟಿಗೆಯನ್ನು ಅವುಚಿಕೊಂಡು ಹೊರಗೆ ಬಂದಳು. ಯಾವಾಗಲೂ ವಟಗುಟ್ಟುವ ಅವಳ ಬಾಯಿಂದ ಒಂದೇ ಮಾತು ಹೊರಟಿತು.

“ಸಾರಥಿ... ನಾವು ಅಲ್ಲಿರ್ತಿದ್ವಿ ಕಣೇ...”

ಸಾರಥಿ ಎಂದರೆ ಇವಳು. ಒಂದು ಶಾಲೆಯ ಬಸ್ ಓಡಿಸುವವಳು. ಮಕ್ಕಳಿಗೆ ಡ್ರೈವರಕ್ಕ, ಗೆಳತಿಗೆ ಸಾರಥಿ. ಕೆಲಸಕ್ಕೆ ಸೇರಿದಾಗಿನಿಂದ ಅದೇ ಬೀದಿ, ಅದೇ ನಿಲ್ದಾಣ, ಅದೇ ಶಾಲೆಯ ಗೇಟು. ಹತ್ತಿದ ಮಕ್ಕಳೆಲ್ಲ ಇಳಿಯುವಾಗ “ಥ್ಯಾಂಕ್ಸ್ ಡ್ರೈವರಕ್ಕ!” ಎಂದು ಕೂಗಿ ಓಡಿಬಿಡುತ್ತಿದ್ದರು. ಕೆಲವು ವರ್ಷಗಳಲ್ಲಿ ಬೆಳೆದು ದೊಡ್ಡವರಾಗಿ ಬಸ್ಸನ್ನೇ ಮರೆಯುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಬಸ್ಸೆಂದರೆ ಇಳಿಯುವುದಕ್ಕೇ ತಾನೆ?

ಗೆಳತಿ ಅದೇ ಶಾಲೆಯ ಸಂಗೀತದ ಟೀಚರ್. ಮಾತು ನಿಲ್ಲಿಸುವುದೇ ಗೊತ್ತಿಲ್ಲದ ಅವಳಿಗೆ ಮಕ್ಕಳು ಇಟ್ಟ ಹೆಸರು ಗಿಣಿ. ಸಾರಥಿಯ ಅಮ್ಮ ಹಾಸಿಗೆ ಹಿಡಿದಾಗ ಸಂಜೆ ಹೊತ್ತು ಬಂದು ಪಕ್ಕದಲ್ಲಿ ಕೂತು ಪಿಟೀಲು ನುಡಿಸಿದವಳು, ಅಮ್ಮ ಹೋದ ಮೇಲೆ ಊಟದ ಡಬ್ಬಿ ಹಿಡಿದು “ತಿಂತೀಯೋ, ಬಾಯಿಗೆ ತುರುಕಲೋ?” ಎಂದು ಬಾಗಿಲಲ್ಲಿ ನಿಂತವಳು ಇದೇ ಗಿಣಿ.

ಆ ಗಿಣಿಗೆ ಈಗ ದೂರದ ಬಂದರು ನಗರದ ಸಂಗೀತ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ರೈಲಿನಲ್ಲಿ ಹೋಗಬಹುದಿತ್ತು. ಗಿಣಿಯೇ ಹಟ ಹಿಡಿದಳು.

“ನೀನೇ ಬಿಡ್ಬೇಕು ನನ್ನ. ಅದೂ ಬೆಟ್ಟ, ಕೆರೆ, ಕಾಡು ಎಲ್ಲ ಸುತ್ತಿಸಿಕೊಂಡು. ಶಾಲೆ ಗೇಟಿಗೆ ಹೋಗಿ ಮುಗಿಯದೇ ಇರೋ ಒಂದು ರಸ್ತೆನಾದ್ರೂ ನೋಡು ಜೀವನದಲ್ಲಿ!”

ಹಾಗೆ ಹೊರಟ ಪ್ರವಾಸ ಇಲ್ಲಿ, ಈ ತಿರುವಿನಲ್ಲಿ ಮುಗಿದೇಹೋಗುತ್ತಿತ್ತು... ಈ ಮಣ್ಣು ಮೆತ್ತಿದ ಮನುಷ್ಯ ಅಡ್ಡ ನಿಲ್ಲದಿದ್ದರೆ.

ಅವಳು ಅವನತ್ತ ನೋಡಿದಳು. ಏನು ಹೇಳುವುದು? ಜೀವ ಉಳಿಸಿದವನಿಗೆ ‘ಥ್ಯಾಂಕ್ಸ್’ ಎನ್ನುವುದೇ? ದಿನವೂ ಕಿವಿಗೆ ಬಿದ್ದು ಸವೆದುಹೋದ ಆ ಚಿಲ್ಲರೆ ಮಾತನ್ನೇ?

“ನಿಮ್ಮ... ನಿಮ್ಮ ಕೈಯಲ್ಲಿ ರಕ್ತ ಬರ್ತಿದೆ,” ಎಂದಳು ಕೊನೆಗೆ.

“ಹೌದಾ?” ಅವನು ಮೊಣಕೈ ತಿರುಗಿಸಿ ನೋಡಿಕೊಂಡ. ಆಮೇಲೆ ಮಣ್ಣಿನ ರಾಶಿಯತ್ತ ನೋಡಿ ನಿಟ್ಟುಸಿರಿಟ್ಟ. “ಕೈಗೆ ಬ್ಯಾಂಡೇಜ್ ಹಾಕಬಹುದು. ನನ್ನ ಬೈಕಿಗೆ ಹಾಕೋಕಾಗಲ್ಲ.”

* * *

ಅವನು ಮರಗಳ ಡಾಕ್ಟರ್. ನಗರಗಳಲ್ಲಿ ವಯಸ್ಸಾದ ಮರಗಳಿಗೆ ರೋಗ ಬಂದರೆ, ಕೊಂಬೆ ಬಿದ್ದರೆ, ಕಡಿಯಬೇಕೋ ಉಳಿಸಬಹುದೋ ಎಂದು ತಿಳಿಯಬೇಕಾದರೆ ಅವನನ್ನು ಕರೆಸುತ್ತಾರೆ. ಆ ದಿನ ಇವರಿಗಿಂತ ಮುಂದೆ ಬೈಕಿನಲ್ಲಿ ಹೋಗುತ್ತಿದ್ದವನು, ಗುಡ್ಡದ ಮರಗಳು ಗಾಳಿಯಿಲ್ಲದೆ ಅಲುಗುತ್ತಿರುವುದನ್ನು ಕಂಡು ಬೈಕನ್ನು ಅಲ್ಲೇ ಬಿಟ್ಟು ತಿರುವಿನತ್ತ ಹಿಂದಕ್ಕೆ ಓಡಿದ್ದ. ಫೋನು ಕೂಡ ಬೈಕಿನ ಚೀಲದಲ್ಲೇ ಇತ್ತು.

“ಫೋನ್ ತಗೊಂಡು ಓಡೋಕೆ ಟೈಮ್ ಇರಲಿಲ್ವಾ?” ಗಿಣಿ ಕೇಳಿದಳು.

“ನಿಮ್ಮ ಕಾರಿನ ಸದ್ದು ಕೇಳಿಸ್ತು,” ಎಂದ ಅವನು, ಅಷ್ಟೇ ಸಹಜವಾಗಿ.

ಹಿಂದಿನಿಂದ ಇನ್ನೂ ವಾಹನಗಳು ಬರುತ್ತಿದ್ದವು. ಗಿಣಿ ಫೋನಿನಲ್ಲಿ ರಸ್ತೆ ಇಲಾಖೆಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಒಂದು ಬಸ್ಸು, ನಾಲ್ಕಾರು ಕಾರು, ಮರಳು ತುಂಬಿದ ಒಂದು ದೊಡ್ಡ ಲಾರಿ ಬಂದು ನಿಂತವು. ಎಲ್ಲರೂ ಹಾರ್ನ್ ಹೊಡೆಯುವವರೇ.

ಅವಳು ತಲೆಗೆ ದುಪಟ್ಟಾ ಬಿಗಿದು ರಸ್ತೆಗಿಳಿದಳು.

“ಲಾರಿಯಣ್ಣ, ನನ್ನ ಕೈ ನೋಡ್ಕೊಂಡು ಹಿಂದೆ ಬನ್ನಿ. ಕಣಿವೆ ನೋಡ್ಬೇಡಿ, ನನ್ನ ನೋಡಿ. ಬನ್ನಿ... ಬನ್ನಿ... ಸ್ಟೇರಿಂಗ್ ತಿರುಗಿಸಿ... ಸಾಕು! ಏ ಕೆಂಪು ಕಾರು, ನೀವೇನು ಮದುವೆಗೆ ಹೊರಟಿದೀರಾ? ನಿಲ್ಸಿ ಅಲ್ಲೇ!”

ಬೈಗುಳಕ್ಕೆ ಬಾಯಿ ತೆರೆದಿದ್ದ ಕೆಂಪು ಕಾರಿನವನು ಬಾಯಿ ಮುಚ್ಚಿದ. ಒಂದೊಂದೇ ವಾಹನ ಮಗ್ಗುಲು ಬದಲಿಸಿ ಇಳಿಜಾರಿನತ್ತ ತಿರುಗಿತು. ಅವನು ತಿರುವಿನಲ್ಲಿ ನಿಂತು ಗುಡ್ಡವನ್ನು ಕಾಯುತ್ತಲೇ ಅವಳನ್ನು ನೋಡುತ್ತಿದ್ದ.

ಎಲ್ಲ ಮುಗಿದ ಮೇಲೆ ಬಳಿ ಬಂದು ಕೇಳಿದ. “ಆ ಲಾರಿನ ಹಿಂದಕ್ಕೆ ತಿರುಗಿಸಿದ್ರಲ್ಲ... ನಿಮಗೆ ಭಯ ಆಗ್ಲಿಲ್ವಾ?”

“ಆಯ್ತು. ಆದ್ರೆ ಮಕ್ಕಳ ಬಸ್ ಓಡಿಸೋರು ಭಯ ಮುಖದ ಮೇಲೆ ಹಾಕ್ಕೊಳ್ಳೋ ಹಾಗಿಲ್ಲ.”

ಅವನು ನಕ್ಕ. ಮಣ್ಣಿನ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಂಡವು. ಅವಳಿಗೂ ನಗು ಬಂತು. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ಅವನು ಹೋಗಬೇಕಾಗಿದ್ದದ್ದು ನದಿ ದಂಡೆಯ ಒಂದು ನಗರಕ್ಕೆ. ಅಲ್ಲಿಯ ಹಳೆಯ ಆಸ್ಪತ್ರೆಯ ಮುಂದೆ ದೊಡ್ಡದೊಂದು ಮರ. ಕೊಂಬೆ ಮುರಿದು ಬಿದ್ದಿದ್ದರಿಂದ ಬುಡಸಮೇತ ಕಡಿಯಲು ನಗರಸಭೆ ತೀರ್ಮಾನಿಸಿತ್ತು. ಅದಕ್ಕೆ ಮೊದಲು ಅವನು ತಲುಪಬೇಕಿತ್ತು.

“ಹತ್ತಿ,” ಎಂದಳು ಅವಳು, ಕಾರಿನ ಹಿಂದಿನ ಬಾಗಿಲು ತೆರೆದು.

“ಸೀಟೆಲ್ಲ ಮಣ್ಣಾಗುತ್ತೆ.”

“ಮಕ್ಕಳು ವಾಂತಿ ಮಾಡಿದ್ದನ್ನೇ ತೊಳೆದವಳು ನಾನು. ಮಣ್ಣೇನು ಮಹಾ? ಹತ್ತಿ!”

* * *

ರಸ್ತೆ ಮುಚ್ಚಿದ್ದರಿಂದ ಬೆಟ್ಟ ಇಳಿದು ಬಳಸಿಕೊಂಡು ಹೋಗಬೇಕಾಯಿತು. ಇಬ್ಬರ ಪ್ರವಾಸ ಮೂವರದಾಯಿತು.

ಇಟ್ಟಿಗೆ ಬಣ್ಣದ ಹಳೆಯ ಗಿರಣಿಗಳ ಒಂದು ನಗರದಲ್ಲಿ ತಂಗಿದರು. ಸಂಜೆ ಅಲ್ಲಿಯ ಚೌಕದಲ್ಲಿ ಗಿಣಿ ಸುಮ್ಮನೆ ಪಿಟೀಲು ತೆಗೆದು ನುಡಿಸತೊಡಗಿದಳು. ಪಾಳಿ ಮುಗಿಸಿ ಬಂದ ಕೆಲಸಗಾರರು ಊಟದ ಡಬ್ಬಿ ಕೈಯಲ್ಲೇ ಹಿಡಿದು ಸುತ್ತ ನಿಂತರು. ಅವನು ಎಲ್ಲಿಂದಲೋ ಬಿಸಿ ಬ್ರೆಡ್ಡು ತಂದು ಮುರಿದು, ದೊಡ್ಡ ತುಂಡನ್ನು ಅವಳಿಗೆ ಕೊಟ್ಟ.

“ಗೆಳತಿಗೆ ಇಡಿ ದೊಡ್ಡದು. ಅವಳು ದುಡಿತಿದಾಳೆ,” ಎಂದಳು.

“ಅವರು ಆಮೇಲೆ ನನ್ನ ಪಾಲೂ ತಿಂತಾರೆ. ನೋಡ್ತಿರಿ.”

ಹಾಗೇ ಆಯಿತು!

ಗಿಣಿಯದೂ ಅವನದೂ ಒಳ್ಳೆಯ ಜೋಡಿ. ಇಬ್ಬರೂ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ಕಾರಿನಲ್ಲಿ ಹಾಡು, ಕಿತ್ತಾಟ, ನಗು. ಕನ್ನಡಿಯಲ್ಲಿ ಅವರಿಬ್ಬರನ್ನೂ ನೋಡುತ್ತಾ ಅವಳು ತನ್ನೊಳಗೇ ಅಂದುಕೊಂಡಳು. ‘ಇವರಿಬ್ಬರಿಗೂ ಎಷ್ಟು ಚೆನ್ನಾಗಿ ಹೊಂದುತ್ತೆ... ನಾನು ಸಾರಥಿ. ನನ್ನ ಕಣ್ಣು ರಸ್ತೆ ಮೇಲಿದ್ರೆ ಸಾಕು.’

ಮರುದಿನ ಕಾಡು ಶುರುವಾಯಿತು. ಎತ್ತರದ ಮರಗಳ ನಡುವೆ ರಸ್ತೆ ಹಾವಿನಂತೆ ಹರಿದಿತ್ತು. ಗಿಣಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಮುಂದೆ ಕೂತಿದ್ದ ಅವನು ಇದ್ದಕ್ಕಿದ್ದಂತೆ ಅಂದ.

“ಅಬ್ಬಾ! ಎಡಗಡೆ ನೋಡಿ, ಎಂಥ ಜಲಪಾತ!”

“ನೀವು ನೋಡಿ. ನಾನು ರಸ್ತೆ ನೋಡ್ಬೇಕು.”

ಸ್ವಲ್ಪ ದೂರ ಹೋದ ಮೇಲೆ ಅವನು ಮೆಲ್ಲಗೆ ಕೇಳಿದ. “ಒಂದು ಮಾತು ಕೇಳ್ಲಾ? ನಿನ್ನೆಯಿಂದ ಇಷ್ಟೆಲ್ಲ ದಾಟಿ ಬಂದ್ವಿ. ಇದರಲ್ಲಿ ನೀವೇನು ನೋಡಿದ್ರಿ?”

ಅವಳು ಯೋಚಿಸಿದಳು. ಮುಂದಿನ ಗಾಡಿಯ ಹಿಂಬದಿ ದೀಪ. ಗುಂಡಿ. ತಿರುವಿನ ಫಲಕ. ಮತ್ತೆ ಗುಂಡಿ.

“...ರಸ್ತೆ,” ಎಂದಳು.

“ನಿಲ್ಸಿ ಕಾರು.”

“ಯಾಕೆ? ಏನಾಯ್ತು? ಮತ್ತೆ ಗುಡ್ಡ ಏನಾದ್ರೂ...?”

“ಗುಡ್ಡ ಸರಿಯಾಗೇ ಇದೆ. ನೀವು ಈ ಕಡೆ ಬನ್ನಿ. ನಾನು ಓಡಿಸ್ತೀನಿ.”

ಅವಳು ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಎಲ್ಲರೂ “ಎಲ್ಲಿ ಇಳಿಸ್ತೀರಿ?” ಎಂದು ಕೇಳಿದವರೇ. “ನೀವು ಕೂತ್ಕೊಳ್ಳಿ” ಎಂದವರು ಒಬ್ಬರೂ ಇಲ್ಲ.

“ನಿಮಗೆ ಸರಿಯಾಗಿ ಓಡಿಸೋಕೆ ಬರುತ್ತಾ?”

“ನಿಮ್ಮಷ್ಟು ಬರಲ್ಲ. ನಿಧಾನಕ್ಕೆ ಓಡಿಸ್ತೀನಿ. ಬೈಯಂಗಿದ್ರೆ ಬೈಯಿರಿ, ಅದರ ರುಚಿ ಈಗಾಗ್ಲೇ ನೋಡಿದೀನಿ.”

ಅವಳು ಇಳಿದು ಸುತ್ತಿ ಬಂದು ಕಿಟಕಿ ಪಕ್ಕದ ಸೀಟಿನಲ್ಲಿ ಕೂತಳು. ಮೊದಲು ಕಾಲು ತಾನಾಗಿ ಇಲ್ಲದ ಬ್ರೇಕನ್ನು ಹುಡುಕಿತು. ‘ಗೇರು ಬದಲಾಯಿಸಿ’, ‘ಹಾರ್ನ್ ಹೊಡೀರಿ’ ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಆಮೇಲೆ ಕಾಡು ತೆರೆದುಕೊಂಡಿತು.

ಕಣಿವೆಯ ತುಂಬ ಮಧ್ಯಾಹ್ನದ ಬಿಸಿಲು. ಅದರ ತಳದಲ್ಲಿ ಬೆಳ್ಳಿಯ ತಟ್ಟೆ ಇಟ್ಟಂತೆ ಒಂದು ಸರೋವರ. ಮೋಡದ ನೆರಳೊಂದು ಹಸಿರಿನ ಮೇಲೆ ಸೋಮಾರಿ ಎಮ್ಮೆಯ ಹಾಗೆ ನಡೆದು ಹೋಗುತ್ತಿತ್ತು. ಒಂದು ಹಕ್ಕಿ ಅವರ ಕಾರಿನ ಮಟ್ಟದಲ್ಲೇ ರೆಕ್ಕೆ ಆಡಿಸದೆ ತೇಲುತ್ತಿತ್ತು.

ಅವಳು ಕಿಟಕಿ ಇಳಿಸಿ ಮುಖವನ್ನು ಗಾಳಿಗೆ ಒಡ್ಡಿದಳು. ಕಣ್ಣಲ್ಲಿ ನೀರು ತುಂಬಿ ಸರೋವರ ಕಲಸಿಹೋಯಿತು. ದುಃಖವಲ್ಲ ಅದು... ಏನೋ ಒಂದು. ಇಷ್ಟು ದೊಡ್ಡದನ್ನು ಯಾರೋ ತನಗಾಗಿ ತಂದಿಟ್ಟು, ಬದಲಿಗೆ ಏನೂ ಕೇಳದೆ, ಗುಂಡಿ ತಪ್ಪಿಸುತ್ತಾ ಗಾಡಿ ಓಡಿಸುತ್ತಿದ್ದಾರಲ್ಲ!

ಅವನು ಪಕ್ಕಕ್ಕೆ ನೋಡಲಿಲ್ಲ. ನೋಡಿದರೆ ಅವಳಿಗೆ ಮುಜುಗರವಾಗುತ್ತದೆಂದು ಗೊತ್ತಿದ್ದವನಂತೆ ರಸ್ತೆಯನ್ನೇ ನೋಡುತ್ತಾ ಇನ್ನೂ ನಿಧಾನ ಮಾಡಿದ. ಹಿಂದೆ ಬಂದ ಸೈಕಲ್ಲೊಂದು ಅವರನ್ನು ದಾಟಿ ಮುಂದೆ ಹೋಯಿತು!

ಅವಳಿಗೆ ಆಗಲೇ ಗೊತ್ತಾಯಿತು.

‘ಬೇಡ... ನಾಳೆ ಇವರೂ ಇಳಿದು ಹೋಗ್ತಾರೆ. ಗಿಣಿಯೂ ಹೋಗ್ತಾಳೆ. ವಾಪಸ್ಸು ಬರೋವಾಗ ಈ ಕಾರಿನಲ್ಲಿ ನಾನೊಬ್ಬಳೇ. ಇಲ್ಲದ್ದನ್ನೆಲ್ಲ ತುಂಬ್ಕೋಬೇಡ ತಲೆಗೆ!’

* * *

ಸರೋವರದ ದಂಡೆಯಲ್ಲಿ ಮರದ ಮಹಡಿಯ ಒಂದು ವಸತಿಗೃಹ. ಬೆಳಿಗ್ಗೆ ಗಿಣಿ ಹಾಸಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಬ್ಯಾಗು ತುಂಬುತ್ತಿದ್ದ ಗೆಳತಿಯನ್ನು ದುರುಗುಟ್ಟಿ ನೋಡಿದಳು.

“ಹೇಳು.”

“ಏನು ಹೇಳ್ಲಿ?”

“ನಿನ್ನೆ ಕಣ್ಮುಚ್ಚಿ ಮಲಗಿದ್ದೆ ಅಂದ್ಕೊಂಡ್ಯಾ? ಒಂದು ಕಣ್ಣು ತೆರೆದೇ ಇತ್ತು. ನಿನ್ನ ಸ್ಟೇರಿಂಗ್ ಮುಟ್ಟೋಕೆ ಯಾರನ್ನೂ ಬಿಡದವಳು, ಅವರಿಗೆ ಕೊಟ್ಟೆ!”

“ಕೈ ನೋವಿತ್ತು.”

“ಸುಳ್ಳು! ನಿಂಗೆ ಅವರು ಇಷ್ಟ. ಅವರಿಗೂ ನೀನು ಇಷ್ಟ. ಕುರುಡರಿಗೂ ಕಾಣುತ್ತೆ.”

ಅವಳ ಮುಖ ಕೆಂಪಾಯಿತು. ಎದೆಯಲ್ಲಿದ್ದುದನ್ನು ಯಾರೋ ಬೀದಿಗೆ ಎಳೆದಂತಾಯಿತು. ಭಯದಲ್ಲಿ ಮಾತು ಒರಟಾಗಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು.

“ಹುಚ್ಚು ಮಾತಾಡ್ಬೇಡ! ಜೀವ ಉಳಿಸಿದ್ರು, ಅದಕ್ಕೆ ಕಾರಲ್ಲಿ ಕೂರಿಸಿಕೊಂಡೆ. ಅಷ್ಟೇ! ಅವರ ಊರಲ್ಲಿ ಇಳಿಸಿಬಿಟ್ರೆ ನನ್ನ ಋಣ ಮುಗೀತು. ಅದಕ್ಕಿಂತ ಹೆಚ್ಚು ಏನೂ ಇಲ್ಲ.”

ಹೊರಗೆ ಪಡಸಾಲೆಯ ಹಲಗೆ ಒಮ್ಮೆ ಕಿರುಗುಟ್ಟಿತು. ಇಬ್ಬರೂ ಗಮನಿಸಲಿಲ್ಲ.

ಬ್ಯಾಗು ಹಿಡಿದು ಕೆಳಗಿಳಿದಾಗ ವಸತಿಗೃಹದ ಒಡತಿ ನೆಲ ಒರೆಸುತ್ತಿದ್ದಳು.

“ನಿಮ್ಮ ಜೊತೆಯವರು ಬೆಳಗಿನ ಬಸ್ಸಿಗೇ ಹೊರಟುಬಿಟ್ರಮ್ಮ. ನಿಮಗೆ ಸುಮ್ಮನೆ ಸುತ್ತಾಗುತ್ತಂತೆ. ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಅಂದ್ರು.”

“ಹೊರಟುಬಿಟ್ರಾ?!” ಗಿಣಿ ಕಿರುಚಿದಳು.

“ಹೂಂ. ನೀವ್ಯಾಕಮ್ಮ ಟೀ ಕುಡೀಲೇ ಇಲ್ಲ? ಮೂರು ಕಪ್ಪೂ ನಿಮ್ಮ ಕೋಣೆ ಹೊರಗಿನ ಕಿಟಕಿ ಕಟ್ಟೆ ಮೇಲೆ ಹಾಗೇ ತಣ್ಣಗಾಗಿತ್ತು.”

ಆ ಮಾತು ಅವಳ ಕಿವಿಗೆ ಬಿದ್ದರೂ ಒಳಗಿಳಿಯಲಿಲ್ಲ. ಒಂದೇ ಪದ ಒಳಗೆ ಸುತ್ತುತ್ತಿತ್ತು.

ಥ್ಯಾಂಕ್ಸ್.

ಅವನೂ ಅದನ್ನೇ ಹೇಳಿ ಇಳಿದು ಹೋಗಿದ್ದ. ಎದುರಿಗೆ ನಿಂತು ಹೇಳುವಷ್ಟೂ ತಾಳ್ಮೆಯಿಲ್ಲದೆ.

“ನೋಡಿದ್ಯಾ?” ಎಂದಳು ಕಾರು ಶುರು ಮಾಡುತ್ತಾ. ದನಿ ಅವಳದೇ ಅನ್ನಿಸಲಿಲ್ಲ. “ಹೋಗ್ಬೇಕಾದವರು ಹೋದ್ರು. ನಡಿ, ನಿನ್ನ ಬಿಟ್ಟು ಬರ್ತೀನಿ.”

ಮಧ್ಯಾಹ್ನ ರಸ್ತೆ ಕವಲೊಡೆಯಿತು. ಬಲಕ್ಕೆ ಹೋದರೆ ನದಿಯ ನಗರ, ನೇರ ಹೋದರೆ ಬಂದರು. ಗಿಣಿ ಅವಳ ಮುಖ ನೋಡಿದಳು. ಅವಳು ರಸ್ತೆ ನೋಡಿದಳು. ಕಾರು ನೇರವಾಗಿ ಹೋಯಿತು.

* * *

ಗಿಣಿಯ ಹೊಸ ಮನೆ ಬಂದರಿಗೆ ಮುಖ ಮಾಡಿದ ಮೂರನೇ ಮಹಡಿ. ಕಿಟಕಿ ತೆರೆದರೆ ಕ್ರೇನುಗಳು, ಹಡಗಿನ ಸೀಟಿ, ಉಪ್ಪಿನ ಗಾಳಿ. ಮರುದಿನ ಬೆಳಿಗ್ಗೆ ಇಬ್ಬರೂ ಡಬ್ಬಗಳ ನಡುವೆ ನೆಲದ ಮೇಲೇ ಕೂತಿದ್ದರು. ಇನ್ನು ಬೀಳ್ಕೊಡುವುದೊಂದೇ ಬಾಕಿ.

“ನೋಡು,” ಅವಳು ಗೆಳತಿಯ ಕೈ ಹಿಡಿದಳು. “ಅಮ್ಮನ ಕೊನೆಗಾಲದಲ್ಲಿ ನೀನು ಬರದೇ ಇದ್ದಿದ್ರೆ ನಾನು ಏನಾಗ್ತಿದ್ನೋ ಗೊತ್ತಿಲ್ಲ. ಒಂದು ದಿನಾನೂ ನಿಂಗೆ ಅದನ್ನ ಹೇಳ್ಲಿಲ್ಲ. ಈಗ ಹೇಳ್ತೀನಿ. ನೀನು ನನಗೆ ಸಿಕ್ಕಿದ್ದು ನನ್ನ ಪುಣ್ಯ ಕಣೇ.”

ಗಿಣಿ ಅವಳನ್ನು ಗಬಕ್ಕನೆ ತಬ್ಬಿಕೊಂಡಳು. ಇಬ್ಬರೂ ಅತ್ತರು, ಅತ್ತು ಅತ್ತು ನಕ್ಕರು.

“ಇರು, ಟೀ ಮಾಡ್ತೀನಿ. ಕುಡಿಯದೆ ಹೋಗೋ ಹಾಗಿಲ್ಲ.” ಗಿಣಿ ಮೂಗೊರೆಸುತ್ತಾ ಡಬ್ಬದಿಂದ ಕಪ್ಪು ತೆಗೆದಳು. ತೆಗೆದವಳು ಹಾಗೇ ನಿಂತಳು. “ಸಾರಥಿ... ನಿನ್ನೆ ಕಿಟಕಿ ಕಟ್ಟೆ ಮೇಲೆ ಮೂರು ಕಪ್ ಟೀ ಇತ್ತು ಅಂದ್ರಲ್ಲ ಆ ಅಮ್ಮ. ನಾವಂತೂ ಕೇಳಿರ್ಲಿಲ್ಲ. ಯಾರು ತಂದಿಟ್ಟಿದ್ದು?”

“ಇನ್ಯಾರು... ಅವರೇ ಇರ್ಬೇಕು...”

“ಯಾವ ಕಿಟಕಿ?”

ತಮ್ಮ ಕೋಣೆಯ ಬಾಗಿಲ ಪಕ್ಕದ ಕಿಟಕಿ. ಮೂರು ಕಪ್ಪು... ಮೂವರಿಗೂ ಟೀ ತಂದವನು, ಇವರ ಜೊತೆ ಕೂತು ಕುಡಿಯಬೇಕೆಂದು ಬಂದವನು... ಬಾಗಿಲ ಹೊರಗೆ ನಿಂತು ಏನು ಕೇಳಿಸಿಕೊಂಡಿರಬೇಕು?

‘ಇಳಿಸಿಬಿಟ್ರೆ ನನ್ನ ಋಣ ಮುಗೀತು...’

“ಅಯ್ಯೋ ದೇವರೇ!” ಎಂದಳು. “ಗಿಣಿ, ನಾನೇ ಅವರನ್ನ ಇಳಿಸಿಬಿಟ್ಟೆ!”

“ಹೌದು! ಈಗಲಾದ್ರೂ ಗೊತ್ತಾಯ್ತಲ್ಲ!”

“ಮತ್ತೆ ನೀನು... ನಿಂಗೆ ಅವರ ಮೇಲೆ ಏನೂ...?”

“ನಂಗಾ?!” ಗಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕಾರಲ್ಲಿ ಇಡೀ ದಿನ ಅವರು ನಿಂಗೆ ಕೇಳಿಸದ ಹಾಗೆ ನನ್ನ ಹತ್ರ ಏನು ಕೇಳ್ತಿದ್ರು ಗೊತ್ತಾ? ನಿಮ್ಮ ಸಾರಥಿಗೆ ಯಾವ ಹಾಡು ಇಷ್ಟ, ಅವರು ಯಾವಾಗ್ಲೂ ಇಷ್ಟು ಕಮ್ಮಿ ಮಾತಾಡ್ತಾರಾ, ಸಕ್ಕರೆ ಎಷ್ಟು ಹಾಕ್ಕೋತಾರೆ... ನಾನು ಉತ್ತರ ಹೇಳಿ ಹೇಳಿ ಸುಸ್ತಾಗಿ ನಿದ್ದೆ ಮಾಡಿದ್ದು! ಹೋಗೇ, ಎದ್ದು ಹೋಗು! ಟೀ ಆಮೇಲೆ ಯಾವಾಗಾದ್ರೂ ಕುಡಿಯೋಣ.”

ಅವಳು ಎದ್ದೋಡಿದಳು. ಮೆಟ್ಟಿಲ ಅರ್ಧದಿಂದ ಮತ್ತೆ ಮೇಲೆ ಹತ್ತಿ ಬಂದು ಗೆಳತಿಯ ಕೆನ್ನೆಗೆ ಒಂದು ಮುತ್ತು ಕೊಟ್ಟು, ಮತ್ತೆ ಓಡಿದಳು.

* * *

ಕವಲುದಾರಿಯಲ್ಲಿ ಈ ಸಲ ಅವಳು ನದಿಯ ಕಡೆ ತಿರುಗಿದಳು. ಕಾರಿನಲ್ಲಿ ಯಾರೂ ಇರಲಿಲ್ಲ. ಯಾರನ್ನೂ ಎಲ್ಲಿಗೂ ಮುಟ್ಟಿಸಬೇಕಾಗಿರಲಿಲ್ಲ. ಮೊದಲ ಬಾರಿಗೆ ಅವಳು ತನಗಾಗಿಯೇ ಗಾಡಿ ಓಡಿಸುತ್ತಿದ್ದಳು.

‘ಬೈದ್ರೆ ಬೈಸಿಕೊಳ್ತೀನಿ. ಮುಖ ತಿರುಗಿಸಿದ್ರೂ ಸರಿ. ಹೇಳ್ಬೇಕಾದ್ದನ್ನ ಹೇಳೇ ಬರ್ತೀನಿ...’

ಆಸ್ಪತ್ರೆ ಹುಡುಕುವುದು ಕಷ್ಟವಾಗಲಿಲ್ಲ. ಸೇತುವೆ ದಾಟಿದೊಡನೆ ಮನೆಗಳ ಮೇಲೆ ಆ ಮರದ ತಲೆ ಕಂಡಿತು. ಇನ್ನೂ ನಿಂತಿದೆ! ಅವಳು ಕಾರು ನಿಲ್ಲಿಸಿ ಓಡಿದಳು.

ಮರದ ಸುತ್ತ ಹಗ್ಗ ಕಟ್ಟಿದ್ದರು. ಬುಡದಲ್ಲಿ ಆಸ್ಪತ್ರೆಯ ವಯಸ್ಸಾದ ಕಾವಲುಗಾರ ಕೋಲು ಹಿಡಿದು ನಿಂತಿದ್ದ. ಮೇಲೆ, ಬಹಳ ಮೇಲೆ, ಸೊಂಟಕ್ಕೆ ಹಗ್ಗ ಬಿಗಿದು ಒಣಗಿದ ಕೊಂಬೆಯನ್ನು ಗರಗಸದಿಂದ ಕೊಯ್ಯುತ್ತಾ ಅವನು ತೂಗುತ್ತಿದ್ದ.

“ಒಳಗೆ ಹೋಗೋ ಹಾಗಿಲ್ಲಮ್ಮ. ಕೊಂಬೆ ಬೀಳುತ್ತೆ,” ಎಂದ ಕಾವಲುಗಾರ.

“ಮರ ಕಡೀತಾರಾ ಅಜ್ಜ?”

“ಇಲ್ಲಮ್ಮ! ಆ ಡಾಕ್ಟ್ರು ಬಂದು, ರೋಗ ಇರೋ ಭಾಗ ಮಾತ್ರ ತೆಗೆದ್ರೆ ಸಾಕು ಅಂತ ಎಲ್ಲರನ್ನೂ ಒಪ್ಪಿಸಿದ್ರು. ನನ್ನ ಮಗಳು ಹುಟ್ಟಿದಾಗ ಇದೇ ನೆರಳಲ್ಲಿ ಕಾದು ಕೂತಿದ್ದೆ. ದೊಡ್ಡ ಉಪಕಾರ ಆಯ್ತು.”

ಅವಳು ಕತ್ತೆತ್ತಿ ನೋಡಿದಳು. ಗರಗಸದ ಸದ್ದು ನಿಂತಿತ್ತು. ಅವನು ಕೆಳಗೆ ನೋಡಿದ.

“ಯಾಕೆ ಬಂದ್ರಿ?” ಮೇಲಿಂದ ದನಿ ಬಂತು. ಕೋಪವಿರಲಿಲ್ಲ, ಆದರೆ ದೂರವಿತ್ತು. “ಗೆಳತಿನ ಬಿಟ್ಟಾಯ್ತಾ?”

“ಆಯ್ತು. ನಿಮ್ಮ ಹತ್ರ ಮಾತಾಡ್ಬೇಕು. ಕೆಳಗೆ ಬನ್ನಿ!”

“ಈ ಕೊಂಬೆ ಅರ್ಧ ಕೊಯ್ದಿದೆ. ಈಗ ಬಿಟ್ಟು ಬರೋಕಾಗಲ್ಲ. ಸಂಜೆ...”

ಸಂಜೆ! ಸಂಜೆಯವರೆಗೆ ಕಾದರೆ ಬಂದ ಧೈರ್ಯ ಹೋಗಿಬಿಡುತ್ತದೆ. ಅವಳು ಸುತ್ತ ನೋಡಿದಳು. ಕಾವಲುಗಾರ, ಇಬ್ಬರು ನರ್ಸುಗಳು, ಆಸ್ಪತ್ರೆಯ ಕಿಟಕಿಗಳಲ್ಲಿ ಒಂದೊಂದಾಗಿ ಮೂಡುತ್ತಿದ್ದ ರೋಗಿಗಳ ಮುಖ... ‘ನೋಡಲಿ ಬಿಡು!’

“ಹಾಗಾದ್ರೆ ಅಲ್ಲಿಂದಾನೇ ಕೇಳಿ!” ಎಂದು ಕೂಗಿದಳು. ಗದ್ದಲದ ಬಸ್ಸಿನಲ್ಲಿ ಕೊನೆಯ ಸೀಟಿಗೂ ಮುಟ್ಟುವ ದನಿ ಅದು. “ನಿನ್ನೆ ನೀವು ಬಾಗಿಲ ಹೊರಗೆ ಕೇಳಿಸಿಕೊಂಡ್ರಲ್ಲ, ಅದು ಸುಳ್ಳು! ಋಣಕ್ಕೆ ನಿಮ್ಮನ್ನ ಕಾರಲ್ಲಿ ಕೂರಿಸಿಕೊಂಡಿರ್ಲಿಲ್ಲ ನಾನು!”

ಮರದ ಮೇಲೆ ಅವನು ಗರಗಸವನ್ನು ಕೊಂಬೆಗೆ ಸಿಕ್ಕಿಸಿದ.

“ಮತ್ತೆ?” ಎಂದು ಕೇಳಿದ್ದು ಅವನಲ್ಲ, ಎರಡನೇ ಮಹಡಿಯ ಕಿಟಕಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಒಬ್ಬ ಹೆಂಗಸು.

“ಭಯಕ್ಕೆ ಹಾಗಂದೆ! ನನ್ನ ಗಾಡಿ ಹತ್ತಿದವರೆಲ್ಲ ಇಳಿದು ಹೋಗೋರೇ. ನೀವೂ ಹೋಗ್ತೀರ ಅಂತ... ಹೋಗೋಕೆ ಮುಂಚೆ ನಾನೇ ಇಳಿಸಿಬಿಟ್ಟೆ! ತಪ್ಪಾಯ್ತು! ನೀವು ಜೀವ ಉಳಿಸಿದ್ದಕ್ಕೆ ನಾನು ಸಾಯೋವರೆಗೂ ಕೃತಜ್ಞಳು. ಆದ್ರೆ ಅದು ಬೇರೆ. ನೀವು ಸ್ಟೇರಿಂಗ್ ತಗೊಂಡು ನನ್ನನ್ನ ಕಿಟಕಿ ಪಕ್ಕ ಕೂರಿಸಿದ್ರಲ್ಲ... ಸೈಕಲ್‌ಗಿಂತ ನಿಧಾನಕ್ಕೆ ಓಡಿಸಿದ್ರಲ್ಲ... ಆವತ್ತೇ... ಆವತ್ತೇ ನೀವು ನನಗೆ ಇಷ್ಟ ಆಗಿಬಿಟ್ರಿ!”

ದನಿ ಕೊನೆಯಲ್ಲಿ ಒಡೆಯಿತು.

“ಏನಂದ್ರಿ?” ಅವನು ಮೇಲಿಂದ ಕೇಳಿದ. “ಗಾಳಿ ಜಾಸ್ತಿ. ಕೊನೇದು ಕೇಳಿಸ್ಲಿಲ್ಲ!”

“ಒಂದು ಎಲೆನೂ ಅಲುಗ್ತಿಲ್ಲ! ಎಲ್ಲಿದೆ ಗಾಳಿ?!”

“ಇಷ್ಟ ಅಂತಿದಾರೆ ಡಾಕ್ಟ್ರೇ! ಇಳೀರಿ ಕೆಳಗೆ!” ಕಾವಲುಗಾರ ಕೋಲು ನೆಲಕ್ಕೆ ಕುಟ್ಟಿದ.

“ಅದು ನನಗೂ ಕೇಳಿಸ್ತು ಅಜ್ಜ. ಇನ್ನೊಂದು ಸಲ ಕೇಳೋಣ ಅಂತ...”

ಕಿಟಕಿಗಳ ತುಂಬ ನಗು. ಅವಳು ನಾಚಿ ಮುಖ ಮುಚ್ಚಿಕೊಂಡಳು.

ಆದರೂ ಅವನು ಕೆಲಸ ಬಿಟ್ಟು ಬರಲಿಲ್ಲ. ಅರ್ಧ ಕೊಯ್ದ ಕೊಂಬೆಯನ್ನು ಹಗ್ಗದಲ್ಲಿ ಕಟ್ಟಿ, ಪೂರ್ತಿ ಕೊಯ್ದು, ಯಾರಿಗೂ ಪೆಟ್ಟಾಗದಂತೆ ಮೆಲ್ಲಗೆ ನೆಲಕ್ಕಿಳಿಸಿದ. ಅದನ್ನು ನೋಡುತ್ತಾ ಕೂತಿದ್ದವಳಿಗೆ ಅವಸರವೇ ಆಗಲಿಲ್ಲ. ಇಷ್ಟು ಜೋಪಾನ ಮಾಡುವವನಿಗೆ ಕಾಯಬಹುದು ಅನ್ನಿಸಿತು.

ಕೊನೆಗೆ ಅವನು ಇಳಿದು ಬಂದು ಎದುರಿಗೆ ನಿಂತ. ಮೈಯೆಲ್ಲ ಮರದ ಪುಡಿ.

“ನಾನೂ ತಪ್ಪು ಮಾಡಿದೆ,” ಎಂದ ತಗ್ಗಿದ ದನಿಯಲ್ಲಿ. “ಬಾಗಿಲು ತಟ್ಟಿ ಕೇಳ್ಬಹುದಿತ್ತು. ಋಣ ಅನ್ನೋ ಮಾತು ಕೇಳಿ ಎದೆ ಚುಚ್ಚಿದ ಹಾಗಾಯ್ತು. ನಿಮಗೆ ಹೊರೆ ಆಗಿದೀನಿ ಅಂದ್ಕೊಂಡೆ. ಬಸ್ಸಲ್ಲಿ ಕೂತ ಮೇಲೆ... ಆ ದಾರಿ ಇಷ್ಟು ಉದ್ದ ಇದೆ ಅಂತ ಗೊತ್ತೇ ಇರ್ಲಿಲ್ಲ.”

“ಬೈಕು ಹೋಯ್ತು, ಫೋನು ಹೋಯ್ತು. ನಮ್ಮಿಂದ ನಿಮಗೆ ನಷ್ಟವೇ ಜಾಸ್ತಿ.”

“ಹೌದಾ?” ಅವನ ಕಣ್ಣು ತುಂಬಿತ್ತು. “ಆವತ್ತು ಆ ಗುಡ್ಡದ ಹತ್ರ ನಿಂತಾಗಿಂದ ನಾನು ಯಾರ್ಯಾರಿಗೋ ಕೈ ಮುಗೀತಿದೀನಿ. ಆ ಹೊತ್ತಿಗೆ ಸರಿಯಾಗಿ ನಾನು ಅಲ್ಲಿದ್ದೆನಲ್ಲ, ಅದಕ್ಕೆ. ನಿಮ್ಮ ಕಾಲು ಬ್ರೇಕ್ ಒತ್ತಿತಲ್ಲ, ಅದಕ್ಕೆ. ಆಮೇಲೆ ಇಳಿದು ಬಂದು ಹಾಗೆ ಬೈದ್ರಲ್ಲ, ಅದಕ್ಕೂ!”

ಅವಳು ಅಳುತ್ತಲೇ ನಕ್ಕಳು. ಆಸ್ಪತ್ರೆಯ ಒಳಗಿಂದ ಯಾರೋ ಚಪ್ಪಾಳೆ ತಟ್ಟಿದರು. ನರ್ಸೊಬ್ಬಳು ಎಲ್ಲರನ್ನೂ ಗದರಿಸಿ ಹಾಸಿಗೆಗೆ ಕಳಿಸಿದಳು. ಕಾವಲುಗಾರ ತುಂಬ ಕೆಲಸವಿರುವವನಂತೆ ಗೇಟಿನ ಕಡೆ ನಡೆದ.

ಮರದ ಕೆಳಗೆ ಇಬ್ಬರೇ ಉಳಿದರು.

“ಒಂದು ವಿಷಯ...” ಅವನು ತಡವರಿಸಿದ. “ಈ ‘ನೀವು’ ಅನ್ನೋದನ್ನ ಬಿಡ್ತೀರಾ?”

“ನೀವು ಬಿಟ್ರೆ ನಾನೂ ಬಿಡ್ತೀನಿ.”

“ಮೊದಲು ನೀವು.”

“ಊಹೂಂ, ಮೊದಲು ನೀವು.”

ಅವನು ಏನೋ ಹೇಳಲು ಹೋಗಿ, ನಾಚಿ, ಕತ್ತು ತಿರುಗಿಸಿ ಮರವನ್ನು ನೋಡಿದ. ಆಮೇಲೆ ಮರದ ಪುಡಿ ಅಂಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ.

“ತುಂಬ ದೂರದಿಂದ ಬಂದಿದೀಯ... ಊಟ ಆಯ್ತಾ ನಿಂದು?”

ಅವಳು ಆ ಕೈ ಹಿಡಿದಳು.

“ಇಲ್ಲ,” ಎಂದಳು. “ನಿಂದು?”